ವೀಸಾ ಅರ್ಜಿಯಲ್ಲಿ ಕ್ಯಾಂಟೀನ್ ಗುತ್ತಿಗೆದಾರರ ಆದಾಯ: ಯಾವ ಕಾಗದ, ಯಾಕೆ, ಹೇಗೆ?

ಸದಸ್ಯ ಬಾಂಧವರ ಮನೆಗಳಲ್ಲಿ ಮಕ್ಕಳು ಯಾರೂ ಪರದೇಶದಲ್ಲಿ ಇಲ್ಲ ಎನ್ನುವ ಮನೆ ಈಗ ಕಡಿಮೆ. ಮಗನ ಪದವಿ ಪ್ರದಾನ, ಮಗಳ ಬಾಣಂತನ, ಹೊಸ ಮನೆಯ ಪೂಜೆ ಎಂದು ಲಂಡನ್, ಟೊರಾಂಟೊ, ನ್ಯೂಜೆರ್ಸಿಗೆ ಹೊರಡುವ ಸಂದರ್ಭ ವರ್ಷಕ್ಕೊಮ್ಮೆಯಾದರೂ ಯಾರದೋ ಮನೆಯಲ್ಲಿ ಬರುತ್ತದೆ. ನೌಕರಿಯವರಿಗೆ ಈ ಕೆಲಸ ಸುಲಭ. ಪಗಾರದ ಚೀಟಿ, ಫಾರ್ಮ್ 16, ಕಂಪೆನಿಯ ರಜೆ ಪತ್ರ, ಇಷ್ಟು ಇಟ್ಟರೆ ಮುಕ್ಕಾಲು ಪಾಲು ಮುಗಿಯಿತು. ನಮಗೆ ಪಗಾರ ಕೊಡುವವರಿಲ್ಲ, ರಜೆ ಕೊಡುವವರೂ ಇಲ್ಲ. ಬೆಳಿಗ್ಗೆ ಐದಕ್ಕೆ ಒಲೆ ಹಚ್ಚಿ ರಾತ್ರಿ ಹನ್ನೊಂದಕ್ಕೆ ಗಲ್ಲಾ ಎಣಿಸುವ ನಾವು ಒಂದು ತಿಂಗಳಿಗೆ ನಿಜವಾಗಿ ಎಷ್ಟು ದುಡಿಯುತ್ತೇವೆ ಎಂದು ಕೇಳಿದರೆ ನಮಗೇ ಥಟ್ಟನೆ ಹೇಳಲು ಬರುವುದಿಲ್ಲ. ವೀಸಾ ಅಧಿಕಾರಿ ಕೇಳುವುದು ಮಾತ್ರ ಅದನ್ನೇ.

ಚಿಕಲಠಾಣಾ ಎಂ.ಐ.ಡಿ.ಸಿ., ಶೇಂದ್ರಾ, ವಾಳುಜ್ ಭಾಗದಲ್ಲಿ ನಮ್ಮವರ ಕಸುಬು ಎರಡು ತರಹದ್ದು. ಒಂದು, ಜಾಲನಾ ರಸ್ತೆಯ ಕಡೆ ಹೋಟೆಲ್ ಇಟ್ಟುಕೊಂಡು ಗಲ್ಲಾದಲ್ಲಿ ದುಡಿಯುವುದು. ಇನ್ನೊಂದು, ಕಾರ್ಖಾನೆಯೊಳಗೆ ಕ್ಯಾಂಟೀನ್ ಗುತ್ತಿಗೆ ಹಿಡಿಯುವುದು. 1948ರ ಫ್ಯಾಕ್ಟರಿ ಕಾಯ್ದೆಯ 46ನೇ ಕಲಂ 250ಕ್ಕಿಂತ ಹೆಚ್ಚು ಕೆಲಸಗಾರರಿರುವ ಕಡೆ ಕ್ಯಾಂಟೀನ್ ಇಡಿಸಲು ಸರಕಾರಕ್ಕೆ ಅಧಿಕಾರ ಕೊಟ್ಟಿತ್ತು. ಕೈಗಾರಿಕಾ ಪ್ರದೇಶಗಳಲ್ಲಿ ನಮ್ಮವರಿಗೆ ಕೆಲಸ ಹುಟ್ಟಿದ್ದೇ ಅಲ್ಲಿಂದ. ಹೆಚ್ಚಿನವರು ಎರಡನ್ನೂ ನಡೆಸುತ್ತಾರೆ. ಆದುದರಿಂದ ಒಂದೇ ವ್ಯಕ್ತಿಯ ಆದಾಯದಲ್ಲಿ ಕಂಪೆನಿಯ ಚೆಕ್ಕು, ಗ್ರಾಹಕರ ಯು.ಪಿ.ಐ., ಕೈಗೆ ಬರುವ ನಗದು ಮೂರೂ ಸೇರಿರುತ್ತವೆ. ಇವನ್ನು ಬಿಡಿಸಿ ತೋರಿಸುವುದೇ ಈ ಲೇಖನದ ವಿಷಯ. ನಾವು ಸಿ.ಎ. ಅಲ್ಲ, ವಕೀಲರೂ ಅಲ್ಲ. ನಮ್ಮ ಮತ್ತು ಸ್ನೇಹಿತರ ಫೈಲುಗಳನ್ನು ಕಟ್ಟಿ ಕಟ್ಟಿ ತಿಳಿದದ್ದನ್ನು, ಸಿ.ಎ.ಯವರಲ್ಲಿ ಕೇಳಿ ಖಾತ್ರಿ ಮಾಡಿಕೊಂಡು ಬರೆಯುತ್ತಿದ್ದೇವೆ.

ಬಿಲ್ಲಿಂಗ್ ಬೇರೆ, ಆದಾಯ ಬೇರೆ

ಮೊದಲು ಇದೊಂದನ್ನು ಸರಿಯಾಗಿ ತಿಳಿದುಕೊಳ್ಳಬೇಕು. ಒಂದು ಲೆಕ್ಕ ಹಾಕೋಣ. ಕಾರ್ಖಾನೆಯಲ್ಲಿ ದಿನಕ್ಕೆ 400 ಊಟ, ಊಟಕ್ಕೆ 55 ರೂಪಾಯಿ, ತಿಂಗಳಿಗೆ 26 ದಿನ. ತಿಂಗಳ ಬಿಲ್ಲು 5,72,000 ರೂಪಾಯಿ, ವರ್ಷಕ್ಕೆ 68,64,000. ಹೋಟೆಲ್ ಗಲ್ಲಾದಲ್ಲಿ ದಿನಕ್ಕೆ 9,000 ರೂಪಾಯಿಯಂತೆ 360 ದಿನಕ್ಕೆ 32,40,000. ಅದರಲ್ಲಿ ಅರ್ಧ ಯು.ಪಿ.ಐ., ಅರ್ಧ ನಗದು ಎಂದು ಇಟ್ಟುಕೊಳ್ಳಿ. ಒಟ್ಟು ವ್ಯಾಪಾರ 1,01,04,000 ರೂಪಾಯಿ.

ಇದರಲ್ಲಿ ಆದಾಯ ಎಷ್ಟು? ಅಕ್ಕಿ, ಎಣ್ಣೆ, ತರಕಾರಿ, ಗ್ಯಾಸು, ಹುಡುಗರ ಪಗಾರ, ಅವರ ರೂಮಿನ ಬಾಡಿಗೆ ಎಲ್ಲ ಹೋಗಿ ಉಳಿದದ್ದೇ ಆದಾಯ. ಇದು ಎಲ್ಲರಿಗೂ ಗೊತ್ತು. ಆದರೆ ಅರ್ಜಿಯ ಮುಂದೆ ಕುಳಿತಾಗ ಕೈ ತಪ್ಪುತ್ತದೆ. ಇಂಗ್ಲೆಂಡಿನ ಭೇಟಿ ವೀಸಾದ ಅರ್ಜಿಯಲ್ಲಿ ತೆರಿಗೆ ಕಳೆದ ಮೇಲೆ ತಿಂಗಳಿಗೆ ಎಷ್ಟು ಗಳಿಸುತ್ತೀರಿ ಎಂಬ ಪ್ರಶ್ನೆ ಇದೆ. ಅಮೆರಿಕದ ಡಿ.ಎಸ್. 160 ಅರ್ಜಿಯಲ್ಲೂ ತಿಂಗಳ ಆದಾಯವನ್ನು ನಮ್ಮ ರೂಪಾಯಿಯಲ್ಲೇ ಕೇಳುತ್ತಾರೆ. ಅಲ್ಲಿ ಬರೆಯಬೇಕಾದದ್ದು ಉಳಿಕೆ, ಬಿಲ್ಲಿಂಗ್ ಅಲ್ಲ.

ನಮ್ಮ ಪರಿಚಯದ ಸದಸ್ಯರೊಬ್ಬರ ಮಗಳು ಇಂಗ್ಲೆಂಡಿನಲ್ಲಿ ಸ್ನಾತಕೋತ್ತರ ಪದವಿ ಮುಗಿಸಿದಳು. ಗಂಡ ಹೆಂಡತಿ ಇಬ್ಬರೂ ಪದವಿ ಪ್ರದಾನಕ್ಕೆಂದು ಅರ್ಜಿ ಹಾಕಿದರು. ಅರ್ಜಿ ತುಂಬಿಸಿದ ಏಜೆಂಟನು ಬ್ಯಾಂಕಿನ ಪುಸ್ತಕ ನೋಡಿ ತಿಂಗಳ ಆದಾಯ ಐದೂವರೆ ಲಕ್ಷ ಎಂದು ಬರೆದ. ಐ.ಟಿ. ರಿಟರ್ನ್‌ನಲ್ಲಿ ವರ್ಷದ್ದೇ ಆರು ಲಕ್ಷ ಚಿಲ್ಲರೆ. ಜೊತೆಗೆ ಅರ್ಜಿಗೆ ಹತ್ತು ದಿನ ಮೊದಲು ಖಾತೆಗೆ ಆರು ಲಕ್ಷ ನಗದು ತುಂಬಿಸಿದ್ದರು. ಹೋಟೆಲ್‌ನಲ್ಲಿ ದುಡಿದ ಹಣವೇ, ಕಳ್ಳತನದ್ದಲ್ಲ. ಆದರೂ ನಿರಾಕರಣೆ ಪತ್ರ ಬಂತು. ತಾವು ಹೇಳಿದ ಆದಾಯಕ್ಕೂ ತೆರಿಗೆ ಕಾಗದಕ್ಕೂ ತಾಳೆ ಇಲ್ಲ, ಈ ಹಣ ಎಲ್ಲಿಂದ ಬಂತೆಂದು ತಿಳಿಯುವುದಿಲ್ಲ ಎಂಬುದು ಅದರ ಸಾರ. ಮಗಳು ಗೌನು ಹಾಕಿಕೊಂಡು ವೇದಿಕೆ ಹತ್ತಿದ್ದನ್ನು ತಂದೆ ತಾಯಿ ಮೊಬೈಲಿನಲ್ಲಿ ನೋಡಿದರು. ಕೆಲವು ತಿಂಗಳ ನಂತರ ಅದೇ ಆದಾಯ, ಅದೇ ಹೋಟೆಲ್, ಕಾಗದ ಮಾತ್ರ ಸರಿಯಾಗಿ ಜೋಡಿಸಿ ಹಾಕಿದಾಗ ವೀಸಾ ಸಿಕ್ಕಿತು. ಹೋಗಿ ಬಂದರು. ಸಮಾರಂಭ ಮಾತ್ರ ಮುಗಿದುಹೋಗಿತ್ತು.

ಇಂಗ್ಲೆಂಡಿನ ಭೇಟಿ ವೀಸಾ ನಿರಾಕರಿಸಿದರೆ ಸಾಮಾನ್ಯವಾಗಿ ಮೇಲ್ಮನವಿಗೆ ಅವಕಾಶವಿಲ್ಲ, ಪುನಃ ಶುಲ್ಕ ಕಟ್ಟಿ ಪುನಃ ಅರ್ಜಿ ಹಾಕಬೇಕು. ಆ ಅರ್ಜಿಯಲ್ಲಿ ಹಿಂದೆ ನಿರಾಕರಣೆ ಆಗಿತ್ತೇ ಎಂಬ ಪ್ರಶ್ನೆಗೆ ಹೌದು ಎಂದು ಬರೆಯಲೇಬೇಕು.

ಶೇಕಡಾ 6 ಮತ್ತು 8ರ ಗಂಟು

ನಮ್ಮಲ್ಲಿ ಹೆಚ್ಚಿನವರು ರಿಟರ್ನ್ ತುಂಬುವುದು 44ಎಡಿ ಪ್ರಕಾರ. 1961ರ ಆದಾಯ ತೆರಿಗೆ ಕಾಯ್ದೆಯ ಈ ಕಲಂ ಪ್ರಕಾರ 2 ಕೋಟಿವರೆಗೆ ವ್ಯಾಪಾರ ಇರುವ ಒಡೆತನದ ಅಂಗಡಿಯಾಗಲಿ ಪಾಲುದಾರಿಕೆಯಾಗಲಿ ಪೂರ್ತಿ ಕಿರ್ದಿ ಖಾತೆ ಇಡದೆ, ಬ್ಯಾಂಕ್ ಮೂಲಕ ಬಂದ ವ್ಯಾಪಾರಕ್ಕೆ ಶೇಕಡಾ 6, ನಗದಿಗೆ ಶೇಕಡಾ 8 ಲಾಭ ಎಂದು ತೋರಿಸಬಹುದು. ನಗದು ಶೇಕಡಾ 5ಕ್ಕಿಂತ ಮೇಲಿಲ್ಲದಿದ್ದರೆ 2023-24ರಿಂದ ಮಿತಿ 3 ಕೋಟಿ. 2025ರ ಹೊಸ ಆದಾಯ ತೆರಿಗೆ ಕಾಯ್ದೆ ಜಾರಿಗೆ ಬರುವ ದಿನ 2026ರ ಏಪ್ರಿಲ್ 1. ಅದರಲ್ಲಿ ಕಲಂಗಳ ಸಂಖ್ಯೆ ಬದಲಾಗಿದೆ. ಆದರೆ ವೀಸಾಕ್ಕೆ ಇಡುವುದು ಕಳೆದ ಎರಡು ಮೂರು ವರ್ಷದ ರಿಟರ್ನ್ ಆದುದರಿಂದ ಆ ಕಾಗದಗಳಲ್ಲಿ ಹಳೆಯ ಸಂಖ್ಯೆಯೇ ಇರುತ್ತದೆ. ಅದಕ್ಕೆ ಗಾಬರಿ ಬೇಡ.

ಮೇಲಿನ ಲೆಕ್ಕಕ್ಕೆ ಇದನ್ನು ಹಚ್ಚಿ ನೋಡೋಣ. ಬ್ಯಾಂಕ್ ಮೂಲಕ ಬಂದದ್ದು ಕ್ಯಾಂಟೀನಿನ 68,64,000, ಯು.ಪಿ.ಐ. 16,20,000, ಒಟ್ಟು 84,84,000. ಅದರ ಶೇಕಡಾ 6 ಎಂದರೆ 5,09,040. ನಗದು 16,20,000ರ ಶೇಕಡಾ 8 ಎಂದರೆ 1,29,600. ಎರಡೂ ಸೇರಿ 6,38,640. ತಿಂಗಳಿಗೆ 53,220 ರೂಪಾಯಿ.

ಈಗ ವೀಸಾ ಅಧಿಕಾರಿಯ ಜಾಗದಲ್ಲಿ ಕುಳಿತು ನೋಡಿ. ತಿಂಗಳಿಗೆ 53,000 ಆದಾಯದ ಮನುಷ್ಯ ಹೆಂಡತಿಯನ್ನು ಕರೆದುಕೊಂಡು ಐದಾರು ಲಕ್ಷ ಖರ್ಚು ಮಾಡಿ ಪರದೇಶಕ್ಕೆ ಹೊರಟಿದ್ದಾನೆ. ವರ್ಷದ ಆದಾಯವೆಲ್ಲ ಒಂದು ಪ್ರವಾಸಕ್ಕೆ! ಅವನಿಗೆ ಅನುಮಾನ ಬಾರದೆ ಇರುತ್ತದೆಯೇ? ಅಲ್ಲಿ ಹೋಗಿ ಯಾವುದೋ ಹೋಟೆಲ್‌ನಲ್ಲಿ ದೋಸೆ ಹೊಯ್ದು ನಿಂತುಬಿಟ್ಟರೆ ಎಂದು ಅವನು ಯೋಚಿಸುತ್ತಾನೆ. ಅಡುಗೆ ಗೊತ್ತಿರುವವರ ಮೇಲೆ ಈ ಸಂಶಯ ಸ್ವಲ್ಪ ಹೆಚ್ಚೇ ಬರುತ್ತದೆ ಎಂಬುದು ನಮ್ಮ ಅನಿಸಿಕೆ.

ಇಲ್ಲಿ ನಮ್ಮವರು ಮರೆಯುವ ಸಂಗತಿ ಒಂದಿದೆ. ಶೇಕಡಾ 6, 8 ಎನ್ನುವುದು ಕನಿಷ್ಠ. ನಿಜವಾದ ಲಾಭ ಅದಕ್ಕಿಂತ ಮೇಲಿದ್ದರೆ ಮೇಲಿನದ್ದನ್ನೇ ತೋರಿಸಬೇಕು, ಕಲಂನಲ್ಲೇ ಅದಕ್ಕೆ ಜಾಗ ಇದೆ. ಹೆಚ್ಚು ತೋರಿಸಿದರೆ ತೆರಿಗೆ ಹೆಚ್ಚುತ್ತದೆ ಎಂದು ಹಿಂದೆ ಹೆದರುತ್ತಿದ್ದರು. 2025-26ರ ಹಣಕಾಸು ವರ್ಷದಿಂದ ಹೊಸ ಪದ್ಧತಿಯಲ್ಲಿ 12 ಲಕ್ಷದವರೆಗಿನ ಸಾಮಾನ್ಯ ಆದಾಯಕ್ಕೆ ರಿಬೇಟ್ ಸೇರಿ ತೆರಿಗೆ ಸೊನ್ನೆ. ಅದಕ್ಕೆ ಮೊದಲಿನ ವರ್ಷ ಈ ಮಿತಿ 7 ಲಕ್ಷ ಇತ್ತು. ಅಂದರೆ ನಿಜವಾಗಿ 11 ಲಕ್ಷ ಉಳಿಯುವವನು ಆರು ಲಕ್ಷ ಮೂವತ್ತೆಂಟು ಸಾವಿರ ಎಂದು ಬರೆದು ಒಂದು ರೂಪಾಯಿ ತೆರಿಗೆಯನ್ನೂ ಉಳಿಸುವುದಿಲ್ಲ, ತನ್ನ ಕಾಗದವನ್ನು ಮಾತ್ರ ಬಡವಾಗಿಸಿಕೊಳ್ಳುತ್ತಾನೆ. ಬ್ಯಾಂಕ್ ಸಾಲಕ್ಕೂ ಇದೇ ಮಾತು. ತೆರಿಗೆಯವರಿಗೆ ಒಂದು ಲೆಕ್ಕ, ವೀಸಾದವರಿಗೆ ಇನ್ನೊಂದು ಲೆಕ್ಕ ಎಂಬ ಕಾಲ ಹೋಯಿತು. ಎರಡು ಮೇಜಿಗೂ ಹೋಗುವುದು ಒಂದೇ ಕಾಗದ.

ಇನ್ನೊಂದು ಮುಖ್ಯ ವಿಷಯ. ರಿಟರ್ನ್‌ನ ಸ್ವೀಕೃತಿಯಲ್ಲಿ ಅದನ್ನು ತುಂಬಿದ ದಿನಾಂಕ ಅಚ್ಚಾಗಿರುತ್ತದೆ. ಮೂರು ವರ್ಷ ಸುಮ್ಮನಿದ್ದು ವೀಸಾಕ್ಕೆ ತಿಂಗಳಿರುವಾಗ ಮೂರನ್ನೂ ಒಟ್ಟಿಗೆ ತುಂಬಿದರೆ ಅದು ಮೊದಲ ನೋಟಕ್ಕೇ ಕಾಣುತ್ತದೆ. ತಡವಾಗಿ ತುಂಬಲು ಅಪ್‌ಡೇಟೆಡ್ ರಿಟರ್ನ್ ಎಂಬ ದಾರಿ ಇದೆ, ಹೆಚ್ಚುವರಿ ತೆರಿಗೆ ಕಟ್ಟಿ ಮಾಡಬಹುದು. ಕಾನೂನಿಗೆ ಅದು ಸರಿ. ಆದರೆ ವೀಸಾಕ್ಕೆ ಅದರ ತೂಕ ಕಡಿಮೆ. ಹಾಗೆಯೇ ಅಸೆಸ್‌ಮೆಂಟ್ ವರ್ಷ 2025-26 ಎಂದು ಬರೆದಿದ್ದರೆ ಆದಾಯ 2024-25ನೇ ಸಾಲಿನದ್ದು. ಹೊರದೇಶದ ಅಧಿಕಾರಿಗೆ ಇದು ಗೊಂದಲ. ಮೇಲ್ಪತ್ರದಲ್ಲಿ ಒಂದು ಸಾಲು ಬರೆದುಬಿಡಿ.

ಗುತ್ತಿಗೆಯ ಕಾಗದಗಳು

ಹೋಟೆಲ್ ಗಲ್ಲಾಕ್ಕಿಂತ ಕ್ಯಾಂಟೀನ್ ಗುತ್ತಿಗೆಯ ಆದಾಯವನ್ನು ರುಜುವಾತು ಮಾಡುವುದು ನಿಜವಾಗಿ ಸುಲಭ, ಏಕೆಂದರೆ ಆ ಕಡೆ ಒಂದು ಕಂಪೆನಿ ಇದೆ, ಅದು ಲೆಕ್ಕ ಇಡುತ್ತದೆ. ಕಂಪೆನಿ ನಮಗೆ ಹಣ ಕೊಡುವಾಗ 194ಸಿ ಕಲಂ ಪ್ರಕಾರ ಟಿ.ಡಿ.ಎಸ್. ಹಿಡಿಯುತ್ತಿತ್ತು. ಒಡೆತನದ ಅಂಗಡಿಗೆ ಶೇಕಡಾ 1, ಪಾಲುದಾರಿಕೆ ಫರ್ಮಿಗೆ ಶೇಕಡಾ 2. ಹೊಸ ಕಾಯ್ದೆಯಲ್ಲಿ ಈ ಕಲಂನ ಸಂಖ್ಯೆಯೂ ಬೇರೆ. ಹಿಡಿದದ್ದು ನಮ್ಮ ಪಾನ್ ಮೇಲೆ 26ಎಎಸ್‌ನಲ್ಲಿ ಕಂಪೆನಿಯ ಹೆಸರು, ತಾರೀಕು, ಮೊತ್ತ ಸಮೇತ ಬರುತ್ತದೆ. ಮೇಲಿನ ಲೆಕ್ಕದಲ್ಲಿ ಜಿ.ಎಸ್.ಟಿ. ಬಿಟ್ಟು 68,64,000ಕ್ಕೆ ಶೇಕಡಾ 1ರಂತೆ 68,640 ರೂಪಾಯಿ ಟಿ.ಡಿ.ಎಸ್. ಕಾಣಬೇಕು. ಇದು ನಾವು ಮಾಡಿಸಿಕೊಂಡ ಕಾಗದವಲ್ಲ. ಕಂಪೆನಿ ಸರಕಾರಕ್ಕೆ ಹೇಳಿ, ಸರಕಾರ ನಮಗೆ ಕೊಟ್ಟದ್ದು. ಆದುದರಿಂದ ಗುತ್ತಿಗೆದಾರನ ಕೈಯಲ್ಲಿ ಇದಕ್ಕಿಂತ ಗಟ್ಟಿ ಸಾಕ್ಷಿ ಇನ್ನೊಂದಿಲ್ಲ ಎಂದು ನಾವು ಹೇಳುತ್ತೇವೆ. 2021ರ ನವೆಂಬರಿನಿಂದ ಎ.ಐ.ಎಸ್. ಎಂಬ ಇನ್ನೊಂದು ವಿವರಣೆಯೂ ಇಲಾಖೆಯ ಪೋರ್ಟಲ್‌ನಲ್ಲಿ ಸಿಗುತ್ತದೆ. ಅದನ್ನೂ ಇಳಿಸಿಕೊಂಡು ಒಮ್ಮೆ ಓದಿ. ನಮ್ಮ ಬಗ್ಗೆ ಇಲಾಖೆಗೆ ಏನೇನು ಗೊತ್ತಿದೆ ಎಂದು ನೋಡಿ ಆಶ್ಚರ್ಯವಾಗುತ್ತದೆ.

ಆದರೆ 26ಎಎಸ್‌ನಲ್ಲಿ ಕಾಣುವುದು ಬಿಲ್ಲಿನ ಮೊತ್ತ. ಅದರ ಪಕ್ಕದಲ್ಲಿ ಲಾಭ ನಷ್ಟ ಪತ್ರಿಕೆ ಇಲ್ಲದಿದ್ದರೆ ಮತ್ತೆ ಹಳೆಯ ಗೊಂದಲವೇ. 44ಎಡಿಯಲ್ಲಿ ತುಂಬುವವರಿಗೂ ಒಂದು ಸರಳ ಲಾಭ ನಷ್ಟ ಮತ್ತು ಬ್ಯಾಲೆನ್ಸ್ ಶೀಟ್ ಮಾಡಿಸಿಟ್ಟುಕೊಳ್ಳುವಂತೆ ನಾವು ಸಲಹೆ ಕೊಡುತ್ತೇವೆ. ಸಿ.ಎ.ಯವರ ಆದಾಯ ಅಥವಾ ಆಸ್ತಿ ಪ್ರಮಾಣ ಪತ್ರ ಇಡುವುದಾದರೆ ಅದರಲ್ಲಿ 18 ಅಂಕೆಯ ಯು.ಡಿ.ಐ.ಎನ್. ಇದೆಯೇ ನೋಡಿ. 2019ರ ಫೆಬ್ರವರಿ 1ರಿಂದ ಸಿ.ಎ.ಗಳು ಕೊಡುವ ಪ್ರಮಾಣ ಪತ್ರಗಳಿಗೆ ಇದು ಕಡ್ಡಾಯ, ಯಾರು ಬೇಕಾದರೂ ಅವರ ಸಂಸ್ಥೆಯ ಪೋರ್ಟಲ್‌ನಲ್ಲಿ ಆ ಸಂಖ್ಯೆ ಹಾಕಿ ಪರೀಕ್ಷಿಸಬಹುದು. ಸಂಖ್ಯೆ ಇಲ್ಲದ ಪ್ರಮಾಣ ಪತ್ರ ಬರೀ ಸೀಲು ಹೊಡೆದ ಕಾಗದ.

ಗುತ್ತಿಗೆಯ ಕರಾರು ಅಥವಾ ವರ್ಕ್ ಆರ್ಡರ್ ಇಡಬೇಕು. ನಮ್ಮ ಕರಾರುಗಳು ಸಾಮಾನ್ಯವಾಗಿ ಒಂದು ವರ್ಷದ್ದು. ಅರ್ಜಿ ಹಾಕುವುದು ಫೆಬ್ರವರಿಯಲ್ಲಿ, ಕರಾರು ಮುಗಿಯುವುದು ಮಾರ್ಚ್ 31ಕ್ಕೆ ಎಂದಾದರೆ, ಗುತ್ತಿಗೆಯೇ ಮುಗಿಯುವವನು ವಾಪಸು ಯಾಕೆ ಬರುತ್ತಾನೆ ಎಂದು ಅಧಿಕಾರಿಗೆ ತೋರಬಹುದು. ಈ ವರ್ಷದ್ದೊಂದನ್ನೇ ಇಡದೆ ಹಿಂದಿನ ಐದಾರು ವರ್ಷದ ನವೀಕರಣಗಳನ್ನೂ ಒಟ್ಟಿಗೆ ಇಡಿ. ಹತ್ತು ವರ್ಷದಿಂದ ಪ್ರತಿ ಏಪ್ರಿಲ್‌ನಲ್ಲಿ ನವೀಕರಣ ಆಗುತ್ತಾ ಬಂದಿದ್ದರೆ ಅದೇ ಒಂದು ಉತ್ತರ.

ಕಂಪೆನಿಯ ಪರ್ಸನಲ್ ವಿಭಾಗದಿಂದ ಒಂದು ಪತ್ರ ತೆಗೆದುಕೊಳ್ಳಿ. ಅದರಲ್ಲಿ ಏನಿರಬೇಕೆಂದು ನಾವೇ ಬರೆದುಕೊಟ್ಟರೆ ಅವರಿಗೂ ಸುಲಭ: ಇವರು ಇಂಥ ವರ್ಷದಿಂದ ನಮ್ಮ ಕ್ಯಾಂಟೀನ್ ಗುತ್ತಿಗೆದಾರರು, ದಿನಕ್ಕೆ ಸುಮಾರು ಇಷ್ಟು ಊಟ, ಗುತ್ತಿಗೆ ಚಾಲ್ತಿಯಲ್ಲಿದೆ, ಇಂಥ ದಿನದಿಂದ ಇಂಥ ದಿನದವರೆಗೆ ಇವರು ಇಲ್ಲದಾಗ ಇವರ ಮ್ಯಾನೇಜರು ನೋಡಿಕೊಳ್ಳುತ್ತಾರೆ ಎಂದು ನಮಗೆ ತಿಳಿಸಿದ್ದಾರೆ. ಕೆಲವು ಕಡೆ ಪರಿಚಯದ ಅಧಿಕಾರಿಗಳು ಸಹಾಯ ಮಾಡುವ ಉತ್ಸಾಹದಲ್ಲಿ ‘ಇವರು ನಮ್ಮಲ್ಲಿ ಕ್ಯಾಂಟೀನ್ ಮ್ಯಾನೇಜರ್, ತಿಂಗಳ ಪಗಾರ 80,000’ ಎಂದು ಬರೆದುಕೊಡುತ್ತಾರೆ. ಅಂಥ ಪತ್ರವನ್ನು ನಯವಾಗಿ ವಾಪಸು ಕೊಡಿ. ಪಗಾರವಾದರೆ ಫಾರ್ಮ್ 16 ಎಲ್ಲಿ, ಪಿ.ಎಫ್. ಎಲ್ಲಿ ಎಂಬ ಪ್ರಶ್ನೆ ಬರುತ್ತದೆ. ನಮ್ಮದೇ ಹೋಟೆಲ್‌ನ ಲೆಟರ್‌ಹೆಡ್‌ನಲ್ಲಿ ನಮಗೇ ಸ್ಯಾಲರಿ ಸರ್ಟಿಫಿಕೇಟ್ ಬರೆದುಕೊಳ್ಳುವುದೂ ಇಂಥದ್ದೇ. ಒಡೆತನದ ಅಂಗಡಿಯಲ್ಲಿ ಮಾಲಕನಿಗೆ ಪಗಾರ ಎಂಬುದೇ ಇಲ್ಲ, ಅವನು ತೆಗೆಯುವುದು ಡ್ರಾಯಿಂಗ್ಸ್.

ಪಾಲುದಾರಿಕೆಯಲ್ಲಿ ಇರುವವರದ್ದು ಬೇರೆ ಕಥೆ. ಅಣ್ಣ ತಮ್ಮಂದಿರು ಸೇರಿ ಫರ್ಮ್ ಮಾಡಿದ್ದರೆ ಫರ್ಮಿನ ಲಾಭಕ್ಕೆ ಫರ್ಮೇ ತೆರಿಗೆ ಕಟ್ಟುತ್ತದೆ, ಪಾಲಿಗೆ ಬಂದ ಲಾಭ ನಮ್ಮ ವೈಯಕ್ತಿಕ ರಿಟರ್ನ್‌ನಲ್ಲಿ ತೆರಿಗೆ ವಿನಾಯಿತಿಯ ಆದಾಯವಾಗಿ ಒಂದು ಮೂಲೆಯಲ್ಲಿ ಕುಳಿತಿರುತ್ತದೆ. ಸ್ವೀಕೃತಿಯ ಮುಖಪುಟದಲ್ಲಿ ಕಾಣುವ ಒಟ್ಟು ಆದಾಯದಲ್ಲಿ ಅದು ಇರುವುದಿಲ್ಲ. ವರ್ಷಕ್ಕೆ 9 ಲಕ್ಷ ಪಾಲು ಬರುವವನು ಕಾಗದದಲ್ಲಿ 3 ಲಕ್ಷದವನಂತೆ ಕಾಣುತ್ತಾನೆ. ಇಂಥವರು ಫರ್ಮಿನ ರಿಟರ್ನ್, ಪಾಲುದಾರಿಕೆ ಪತ್ರ, ಬಂಡವಾಳ ಖಾತೆಯ ಪ್ರತಿ ಮೂರನ್ನೂ ಇಡಬೇಕು. 2025ರ ಏಪ್ರಿಲ್‌ನಿಂದ ಪಾಲುದಾರರ ಪಗಾರ, ಬಡ್ಡಿ ವರ್ಷಕ್ಕೆ 20,000 ಮೀರಿದರೆ ಫರ್ಮು ಶೇಕಡಾ 10 ಟಿ.ಡಿ.ಎಸ್. ಹಿಡಿಯಬೇಕೆಂಬ ನಿಯಮ ಬಂತು. ತಲೆನೋವೇ ಸರಿ, ಆದರೆ ವೀಸಾಕ್ಕೆ ಅದೂ ಒಂದು ಸಾಕ್ಷಿ.

ಜಿ.ಎಸ್.ಟಿ. ನೋಂದಣಿ ಪತ್ರ, ಎಫ್.ಎಸ್.ಎಸ್.ಎ.ಐ. ಲೈಸೆನ್ಸ್, ಗುಮಾಸ್ತಾ, ಉದ್ಯಮ್, ವೃತ್ತಿ ತೆರಿಗೆ ಕಟ್ಟಿದ ರಶೀದಿ, ಪಿ.ಎಫ್. ಮತ್ತು ಇ.ಎಸ್.ಐ. ಚಲನ್ ಇವೆಲ್ಲ ಕಸುಬು ಜೀವಂತವಾಗಿದೆ ಎಂದು ತೋರಿಸುತ್ತವೆ, ಆದಾಯವನ್ನು ತೋರಿಸುವುದಿಲ್ಲ. ಒಂದೊಂದು ಪ್ರತಿ ಸಾಕು. ಜಿ.ಎಸ್.ಟಿ. ರಿಟರ್ನ್‌ನ ವರ್ಷದ ಒಟ್ಟು ವ್ಯಾಪಾರವೂ ಐ.ಟಿ. ರಿಟರ್ನ್‌ನ ವ್ಯಾಪಾರವೂ ಒಂದೇ ಇರಬೇಕು ಎಂಬುದನ್ನು ಮಾತ್ರ ಮರೆಯಬೇಡಿ.

ಬ್ಯಾಂಕ್ ಪುಸ್ತಕ, ಪಿಗ್ಮಿ, ಚೀಟಿ ಹಣ

ಆರು ತಿಂಗಳ ಬ್ಯಾಂಕ್ ವಿವರ ಇಡುವುದು ವಾಡಿಕೆ. ನಮ್ಮವರ ಕರೆಂಟ್ ಖಾತೆ ಹೆಚ್ಚಾಗಿ ಓಡಿ ಅಥವಾ ಸಿ.ಸಿ. ಇರುತ್ತದೆ. ಅದರಲ್ಲಿ ಬಾಕಿ ಯಾವಾಗಲೂ ಮೈನಸ್. ಪರದೇಶದ ಅಧಿಕಾರಿ ನೋಡಿದರೆ ಈ ಮನುಷ್ಯ ಸಾಲದಲ್ಲಿ ಮುಳುಗಿದ್ದಾನೆ ಎಂದು ತಿಳಿಯುತ್ತಾನೆ. ಬ್ಯಾಂಕಿನ ಸ್ಯಾಂಕ್ಷನ್ ಪತ್ರ ಜೊತೆಗಿಟ್ಟು, ಇದು ವ್ಯಾಪಾರಕ್ಕೆ ಬ್ಯಾಂಕು ಕೊಟ್ಟ ಮಿತಿ, ಪ್ರವಾಸದ ಹಣ ಬೇರೆ ಉಳಿತಾಯ ಖಾತೆಯಲ್ಲಿದೆ ಎಂದು ಬರೆಯಬೇಕು. ಕರೆಂಟ್ ಖಾತೆಯಿಂದ ಪ್ರತಿ ತಿಂಗಳು ಒಂದೇ ತಾರೀಕಿಗೆ ಒಂದು ನಿಗದಿ ಮೊತ್ತವನ್ನು ಉಳಿತಾಯ ಖಾತೆಗೆ ವರ್ಗ ಮಾಡುವ ಅಭ್ಯಾಸ ಇಟ್ಟುಕೊಂಡರೆ, ಪಗಾರದ ಚೀಟಿ ಇಲ್ಲದವನಿಗೆ ಅದೇ ಪಗಾರದ ಚೀಟಿ. ಇದನ್ನು ಪ್ರವಾಸಕ್ಕೆ ಒಂದು ವರ್ಷ ಮೊದಲೇ ಶುರು ಮಾಡಬೇಕು.

ಗಲ್ಲಾದ ನಗದಿಗೆ ನಮ್ಮ ಊರಿನದ್ದೇ ಒಂದು ಒಳ್ಳೆಯ ದಾರಿ ಇದೆ, ಪಿಗ್ಮಿ. 1928ರಲ್ಲಿ ಉಡುಪಿಯ ಸಿಂಡಿಕೇಟ್ ಬ್ಯಾಂಕಿನವರು ಸಣ್ಣ ವ್ಯಾಪಾರಿಗಳ ಬಾಗಿಲಿಗೇ ಬಂದು ದಿನಾ ಎರಡಾಣೆ, ನಾಲ್ಕಾಣೆ ಎತ್ತುತ್ತಿದ್ದ ಯೋಜನೆ ಅದು. ಆ ಬ್ಯಾಂಕು 2020ರ ಏಪ್ರಿಲ್ 1ರಂದು ಕೆನರಾ ಬ್ಯಾಂಕಿನಲ್ಲಿ ವಿಲೀನವಾಯಿತು. ಪಿಗ್ಮಿ ಮಾತ್ರ ಊರೂರಿಗೆ ಹಬ್ಬಿ, ಮಹಾರಾಷ್ಟ್ರದ ಪತ ಸಂಸ್ಥೆಗಳೂ ಅದನ್ನು ನಡೆಸುತ್ತವೆ. ದಿನಕ್ಕೆ 500 ರೂಪಾಯಿಯಂತೆ ವರ್ಷವಿಡೀ ತುಂಬಿದ ಪಿಗ್ಮಿ ಪುಸ್ತಕಕ್ಕೂ ಅರ್ಜಿಯ ಹಿಂದಿನ ವಾರ ಒಮ್ಮೆಗೇ ತುಂಬಿದ ಎರಡು ಲಕ್ಷಕ್ಕೂ ಅಜಗಜಾಂತರ. ಮೊತ್ತ ಹೆಚ್ಚು ಕಡಿಮೆ ಅದೇ ಇರಬಹುದು. ಒಂದರಲ್ಲಿ ಹಣ ಹೇಗೆ ಬಂತೆಂದು ದಿನ ದಿನವೂ ಕಾಣುತ್ತದೆ.

ದೊಡ್ಡ ಮೊತ್ತ ಬಂದೇ ಬಂದಿದ್ದರೆ ಅದರ ಮೂಲ ಹೇಳಬೇಕು. ಚೀಟಿ ಎತ್ತಿದ್ದಾದರೆ ನೋಂದಾಯಿತ ಚೀಟಿ ಸಂಸ್ಥೆಯ ಪಾವತಿ ಪತ್ರ, ಠೇವಣಿ ಮುರಿದದ್ದಾದರೆ ಅದರ ರಶೀದಿ, ಊರಿನ ಜಾಗ ಮಾರಿದ್ದಾದರೆ ಕ್ರಯಪತ್ರ. ಕೈಗಡ ತಂದು ತುಂಬಿಸಿ ವೀಸಾ ಆದ ಮೇಲೆ ವಾಪಸು ಕೊಡುವ ಪದ್ಧತಿಯನ್ನು ಬಿಟ್ಟುಬಿಡಬೇಕು. ನಾವು ಕಂಡ ಹಾಗೆ ಅದರಿಂದ ಆಗುವ ಕೆಲಸಕ್ಕಿಂತ ಕೆಡುವ ಕೆಲಸ ಹೆಚ್ಚು. ಇಂಗ್ಲೆಂಡಿನ ಭೇಟಿ ವೀಸಾ ನಿಯಮದಲ್ಲಿ ಇಷ್ಟೇ ಹಣ ಇರಬೇಕೆಂಬ ಅಂಕಿ ಇಲ್ಲ. ಪ್ರವಾಸದ ಖರ್ಚಿಗೆ ಸಾಕಷ್ಟಿರಬೇಕು, ಅದು ನಮ್ಮದೇ ಎಂದು ನಂಬಿಕೆ ಬರಬೇಕು, ಮುಗಿಸಿ ವಾಪಸು ಬರುವವರೆಂದು ತೋರಬೇಕು. ಮಗ ಅಲ್ಲಿ ಖರ್ಚು ನೋಡಿಕೊಳ್ಳುವುದಾದರೆ ಅದಕ್ಕೂ ಅವಕಾಶ ಇದೆ, ಅವನ ಬ್ಯಾಂಕ್ ವಿವರ ಮತ್ತು ಪತ್ರ ಇಟ್ಟರಾಯಿತು. ಹತ್ತು ಲಕ್ಷ ತೋರಿಸಲೇಬೇಕು ಎನ್ನುವುದು ಏಜೆಂಟರ ಮಾತು.

ಏಜೆಂಟರ ಬಗ್ಗೆ ಇಷ್ಟೇ ಹೇಳುತ್ತೇವೆ. ಅರ್ಜಿ ತುಂಬಿಸಲು, ಅಪಾಯಿಂಟ್‌ಮೆಂಟ್ ಹಿಡಿಯಲು ಅವರ ಸಹಾಯ ಪಡೆಯಿರಿ. ‘ಬ್ಯಾಲೆನ್ಸ್ ನಾವು ಹೊಂದಿಸುತ್ತೇವೆ, ಮೂರು ವರ್ಷದ ಪೇಪರ್ ನಾವೇ ಮಾಡುತ್ತೇವೆ’ ಎನ್ನುವವರ ಬಾಗಿಲು ತುಳಿಯಬೇಡಿ. ಸುಳ್ಳು ಕಾಗದ ಸಿಕ್ಕಿಬಿದ್ದರೆ ಇಂಗ್ಲೆಂಡಿನಲ್ಲಿ 10 ವರ್ಷ ಪ್ರವೇಶ ನಿಷೇಧ, ಅಮೆರಿಕದಲ್ಲಿ ಜೀವನಪೂರ್ತಿ ಅನರ್ಹತೆ. ಸಹಿ ಹಾಕಿದವರು ನಾವು, ಏಜೆಂಟನಲ್ಲ.

ದೇಶಕ್ಕೊಂದು ರೀತಿ

ಇಂಗ್ಲೆಂಡಿನವರು ಹೆಚ್ಚಾಗಿ ಮುಖ ನೋಡುವುದಿಲ್ಲ, ಕಾಗದವನ್ನೇ ನೋಡುತ್ತಾರೆ. ಪುಣೆ ಅಥವಾ ಮುಂಬಯಿಯ ಕೇಂದ್ರದಲ್ಲಿ ಬೆರಳಚ್ಚು ಕೊಟ್ಟು ಬಂದರೆ ಮುಗಿಯಿತು. ಆದುದರಿಂದ ಮೇಲ್ಪತ್ರ ಚೆನ್ನಾಗಿರಬೇಕು. ಅಮೆರಿಕದ್ದು ಇದಕ್ಕೆ ತದ್ವಿರುದ್ಧ. ಅಲ್ಲಿ ಮುಂಬಯಿಯ ಬಾಂದ್ರಾ-ಕುರ್ಲಾ ಸಂಕೀರ್ಣದ ದೂತಾವಾಸದಲ್ಲಿ ಸಂದರ್ಶನ, ಎರಡು ಮೂರು ನಿಮಿಷ, ಹೆಚ್ಚಿನ ಸಲ ಫೈಲು ಬಿಚ್ಚಿಸುವುದೇ ಇಲ್ಲ. ಅವರ 214(ಬಿ) ಕಲಂ ಪ್ರಕಾರ ಬಂದವರೆಲ್ಲ ಅಲ್ಲೇ ನೆಲೆಸಲು ಬಂದವರೆಂದೇ ಮೊದಲ ಎಣಿಕೆ, ಅಲ್ಲವೆಂದು ನಂಬಿಸಬೇಕಾದವರು ನಾವು. ‘ವಾಟ್ ಡು ಯು ಡು’ ಎಂದು ಕೇಳಿದರೆ ‘ಹೋಟೆಲ್ ಬಿಸಿನೆಸ್’ ಎಂದು ಸುಮ್ಮನಾಗಬೇಡಿ. ಇಂಥ ವರ್ಷದಿಂದ ಹೋಟೆಲ್ ಇದೆ, ಇಷ್ಟು ಜನ ಕೆಲಸಕ್ಕಿದ್ದಾರೆ, ಒಂದು ಕಾರ್ಖಾನೆಗೆ ದಿನಾ 400 ಊಟ ಕೊಡುತ್ತೇನೆ ಎಂದರೆ ಚಿತ್ರ ಕಣ್ಣಿಗೆ ಕಟ್ಟುತ್ತದೆ. ಇಂಗ್ಲಿಷ್ ಬಾರದಿದ್ದರೆ ಹಿಂದಿಯಲ್ಲಿ ಮಾತಾಡುವ ಅನುಕೂಲ ಕೇಳಬಹುದು, ಸಂಕೋಚ ಬೇಡ. ಯೂರೋಪಿನ ಷೆಂಗೆನ್ ವೀಸಾಕ್ಕೆ ಬ್ಯಾಂಕ್ ವಿವರ, ರಿಟರ್ನ್‌ಗಳ ಜೊತೆ ಕನಿಷ್ಠ 30,000 ಯೂರೋ ವಿಮೆ ಕಡ್ಡಾಯ. ಕೆನಡಾದ ಸೂಪರ್ ವೀಸಾದಲ್ಲಿ ಮುಖ್ಯವಾಗಿ ನೋಡುವುದು ಅಲ್ಲಿರುವ ಮಗ ಅಥವಾ ಮಗಳ ಆದಾಯವನ್ನು.

ಎಲ್ಲ ಕಡೆಯೂ ಬರುವ ಪ್ರಶ್ನೆ, ಎಷ್ಟು ದಿನ? ವೀಸಾ ಆರು ತಿಂಗಳು ಸಿಗುತ್ತದೆಂದು ಅರ್ಜಿಯಲ್ಲಿ ಆರು ತಿಂಗಳು ಎಂದು ಬರೆಯುವವರಿದ್ದಾರೆ. ಎರಡು ಪಾಳಿ ಕ್ಯಾಂಟೀನ್ ನಡೆಸುವ ಮನುಷ್ಯ ಆರು ತಿಂಗಳು ಇಲ್ಲದಿದ್ದರೆ ಗುತ್ತಿಗೆ ಉಳಿಯುತ್ತದೆಯೇ? ಉಳಿಯುತ್ತದೆ ಎಂದರೆ ಆ ಕಸುಬಿಗೆ ಇವನು ಬೇಕಾಗಿಲ್ಲ ಎಂದಾಯಿತು. ಮೂರು, ನಾಲ್ಕು ವಾರ ಎಂದರೆ ನಂಬುವ ಮಾತು. ಮಾಲಕರಿಲ್ಲದಾಗ ಚೆಕ್ಕಿಗೆ ಸಹಿ ಯಾರದು, ಸಾಮಾನು ತರುವವರು ಯಾರು ಎಂದು ಎರಡು ಸಾಲು ಬರೆದು ತಮ್ಮನೋ ಮ್ಯಾನೇಜರೋ ಒಪ್ಪಿ ಸಹಿ ಹಾಕಿದ ಪತ್ರ ಇಟ್ಟರೆ ಇನ್ನೂ ಒಳ್ಳೆಯದು. ಬಾಣಂತನಕ್ಕೆ ಹೋಗುವ ಹೆಂಗಸರು ಎರಡು ಮೂರು ತಿಂಗಳು ಕೇಳಿದರೆ ಅದಕ್ಕೆ ಕಾರಣ ಇರುತ್ತದೆ. ಗಂಡಸರೂ ಅಷ್ಟೇ ದಿನ ಬರೆಯಬೇಕೆಂದಿಲ್ಲ.

ಸಂಬಂಧ ನೋಡುವವರಿಗೆ ಒಂದು ಮಾತು. ಇಂಗ್ಲೆಂಡಿನಲ್ಲಿ ಕಂಪ್ಯೂಟರ್ ಕೆಲಸವನ್ನು ಸ್ವಂತ ಗುತ್ತಿಗೆಯಲ್ಲಿ ಮಾಡುವ ಹುಡುಗರು ಬಹಳ. ಮದುವೆಯಾಗಿ ಹುಡುಗಿಯನ್ನು ಕರೆಸಿಕೊಳ್ಳಲು ಬೇಕಾದ ವರ್ಷದ ಆದಾಯವನ್ನು 2024ರ ಏಪ್ರಿಲ್ 11ರಂದು 18,600 ಪೌಂಡಿನಿಂದ 29,000ಕ್ಕೆ ಏರಿಸಿದರು. ಸ್ವಂತ ಉದ್ಯೋಗದವನಾದರೆ ಮುಗಿದ ಒಂದು ಪೂರ್ತಿ ತೆರಿಗೆ ವರ್ಷದ ಲಾಭ, ಇಲ್ಲವೇ ಎರಡು ವರ್ಷದ ಸರಾಸರಿ ನೋಡುತ್ತಾರೆ. ಅಲ್ಲಿಯ ವರ್ಷ ಏಪ್ರಿಲ್ 6ರಿಂದ ಏಪ್ರಿಲ್ 5. ಕಳೆದ ಆರು ತಿಂಗಳಿಂದ ಚೆನ್ನಾಗಿ ದುಡಿಯುತ್ತಿದ್ದಾನೆ ಎಂಬುದು ಲೆಕ್ಕಕ್ಕೆ ಬರುವುದಿಲ್ಲ. ಸ್ವಂತ ಲಿಮಿಟೆಡ್ ಕಂಪೆನಿ ಮಾಡಿಕೊಂಡಿದ್ದರೆ ನಿಯಮವೇ ಬೇರೆ. ದಿನಕ್ಕೆ ಇಷ್ಟು ಪೌಂಡು ಬಿಲ್ಲು ಮಾಡುತ್ತಾನೆ ಎಂದು ಕೇಳಿ ಖುಷಿಪಡದೆ, ಅಲ್ಲಿಯ ತೆರಿಗೆ ಇಲಾಖೆ ಕೊಡುವ ಎಸ್.ಎ. 302 ಎಂಬ ಲೆಕ್ಕಪತ್ರ ಇದೆಯೇ ಎಂದು ಕೇಳಿ. ನಮ್ಮ 26ಎಎಸ್ ಮತ್ತು ರಿಟರ್ನ್‌ನ ಕಥೆಯೇ ಅದು, ವೇಷ ಬೇರೆ.

ಹೆಸರು, ಊರು, ಭಾಷೆ

ಪಾಸ್‌ಪೋರ್ಟಿನಲ್ಲಿ ಒಂದು ಹೆಸರು, ಪಾನ್‌ನಲ್ಲಿ ಇನಿಶಿಯಲ್ ಸಮೇತ ಇನ್ನೊಂದು, ಮಹಾರಾಷ್ಟ್ರದ ಪದ್ಧತಿಯಂತೆ ತಂದೆಯ ಹೆಸರು ನಡುವೆ ಸೇರಿ ಗುಮಾಸ್ತಾದಲ್ಲಿ ಮತ್ತೊಂದು. ಇದು ನಮ್ಮ ಎಲ್ಲರ ಮನೆಯ ಸಮಸ್ಯೆ. ಸರಿಪಡಿಸಿಕೊಳ್ಳಲು ಸಮಯವಿಲ್ಲದಿದ್ದರೆ ಮೂರೂ ಒಬ್ಬನೇ ಎಂದು ಅಫಿಡವಿಟ್ ಮಾಡಿಸಿ. ಹೋಟೆಲ್‌ನ ಹೆಸರಿನಲ್ಲಿರುವ ಖಾತೆ ನಮ್ಮದೇ ಎಂದು ತೋರಿಸಲು ಬ್ಯಾಂಕಿನಿಂದ ಪ್ರೊಪ್ರೈಟರ್ ಹೆಸರು ನಮೂದಿಸಿದ ಪತ್ರ ಬೇಕು.

ನಮ್ಮ ನಗರದವರಿಗೆ ಇನ್ನೊಂದು ತೊಡಕು ಹೆಚ್ಚಿಗೆ ಇದೆ. 2023ರಲ್ಲಿ ಔರಂಗಾಬಾದ್ ಛತ್ರಪತಿ ಸಂಭಾಜಿನಗರ ಆಯಿತು. ಹಳೆಯ ಕರಾರು, ಲೈಸೆನ್ಸ್‌ಗಳಲ್ಲಿ ಹಳೆಯ ಹೆಸರು, ಹೊಸ ಬಿಲ್ಲುಗಳಲ್ಲಿ ಹೊಸ ಹೆಸರು. ಎರಡು ಊರಿನಲ್ಲಿ ಎರಡು ಹೋಟೆಲ್ ಇದೆಯೆಂದು ಅಧಿಕಾರಿ ತಿಳಿದರೆ ತಪ್ಪು ಅವನದಲ್ಲ. ಎರಡೂ ಒಂದೇ ಊರು ಎಂದು ಮೇಲ್ಪತ್ರದ ಮೊದಲ ಪ್ಯಾರಾದಲ್ಲೇ ಹಾಕಿ.

ಮರಾಠಿಯ ಸಾತ್‌ಬಾರಾ, ನಮ್ಮೂರಿನ ಕನ್ನಡ ಪಹಣಿ, ಮದುವೆ ನೋಂದಣಿ ಪತ್ರ ಇವು ಇಂಗ್ಲಿಷಿಗೆ ಭಾಷಾಂತರ ಆಗಿಯೇ ಹೋಗಬೇಕು. ಇಂಗ್ಲೆಂಡಿನವರು ಭಾಷಾಂತರ ಸರಿಯಾಗಿದೆ ಎಂಬ ದೃಢೀಕರಣ, ತಾರೀಕು, ಭಾಷಾಂತರ ಮಾಡಿದವರ ಹೆಸರು, ಸಹಿ, ಸಂಪರ್ಕ ವಿವರ ಕೇಳುತ್ತಾರೆ. ಮರಾಠಿಯವರು ಇಲ್ಲಿಯೇ ಸಿಗುತ್ತಾರೆ. ಕನ್ನಡದ್ದನ್ನು ಊರಿಗೆ ಹೋದಾಗ ಉಡುಪಿ ಅಥವಾ ಮಂಗಳೂರಿನಲ್ಲಿ ನೋಟರಿಯವರ ಮೂಲಕ ಮಾಡಿಸಿ ತಂದಿಟ್ಟುಕೊಳ್ಳುವುದು ಒಳ್ಳೆಯದು. ಇಲ್ಲಿ ಕುಳಿತು ಕೊರಿಯರಿನಲ್ಲಿ ಮಾಡಿಸಲು ಹೋದರೆ ಎರಡು ವಾರ ಅದಕ್ಕೇ ಹಿಡಿಯುತ್ತದೆ.